ಮೆಣಸಿನಕಾಯಿ ತೊಟ್ಟಿನ ಮೊಸರು

ನನ್ನ ಮೊಮ್ಮಗನಿಗೆ ಹಾಲು ಆಗುವುದಿಲ್ಲ. ಆಗುವುದಿಲ್ಲ ಎಂದರೆ ಇಷ್ಟವಿಲ್ಲ ಎಂದಲ್ಲ, ಮೈಗೆ ಒಗ್ಗುವುದಿಲ್ಲ. ಒಂದು ಗುಟುಕು ಒಳಗೆ ಹೋದರೂ ಮೈತುಂಬ ದದ್ದು ಏಳುತ್ತದೆ, ತುಟಿ ಊದಿಕೊಳ್ಳುತ್ತದೆ. ಹಾಲಷ್ಟೇ ಅಲ್ಲ, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ ಯಾವುದೂ ಅವನ ತಟ್ಟೆಯ ಹತ್ತಿರ ಬರುವಂತಿಲ್ಲ. ನಮ್ಮದೋ, ಕೊನೆಗೆ ಮೊಸರನ್ನ ಉಣ್ಣದಿದ್ದರೆ ಊಟವೇ ಆಗಲಿಲ್ಲ ಎನ್ನುವ ಮನೆ. ನಾವೆಲ್ಲ ಮೊಸರು ಕಲಸುವ ಹೊತ್ತಿಗೆ ಆ ಹುಡುಗ ಕೈ ತೊಳೆದು ಎದ್ದು ಹೋಗುತ್ತಿದ್ದ. ನನಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ನಾವಿರುವುದು ಚಳ್ಳಕೆರೆಯಲ್ಲಿ. ಶೇಂಗಾಕ್ಕೂ ಎಣ್ಣೆ ಮಿಲ್ಲುಗಳಿಗೂ ಹೆಸರಾದ ಊರು. ಶೇಂಗಾದಿಂದಲೇ ಮೊಸರು ಮಾಡಬಹುದಂತೆ ಎಂದು ಮಗಳು ಫೋನಿನಲ್ಲಿ ಹೇಳಿದಾಗ, ‘ಹಸು ಇಲ್ಲದ ಮೊಸರೇನೇ!’ ಎಂದು ನಕ್ಕುಬಿಟ್ಟೆ. ಶೇಂಗಾ ತಿಂದರೆ ಅವನಿಗೆ ತೊಂದರೆಯಿಲ್ಲ ಎಂದು ವೈದ್ಯರು ಮೊದಲೇ ಪರೀಕ್ಷಿಸಿ ಹೇಳಿದ್ದರು. ಬೇಸಿಗೆ ರಜೆಗೆ ಅವನು ಬಂದಾಗ ಮಾಡಿಯೇ ನೋಡೋಣ ಎಂದುಕೊಂಡೆ.

ಮಾಡಿದೆ. ಶೇಂಗಾ ಹಾಲು ಚೆನ್ನಾಗಿಯೇ ಬಂತು. ಹೆಪ್ಪು ಹಾಕಬೇಕಲ್ಲ? ಐವತ್ತು ವರ್ಷದ ಅಭ್ಯಾಸದಂತೆ ಫ್ರಿಜ್ಜಿನಲ್ಲಿದ್ದ ಹಸುವಿನ ಮೊಸರನ್ನೇ ಒಂದು ಚಮಚ ಹಾಕಿದೆ. ಒಂದೇ ಒಂದು ಚಮಚ, ಏನಾದೀತು ಎಂದುಕೊಂಡೆ. ಮಾರನೇ ದಿನ ಅವನು ಎರಡು ತುತ್ತು ಮೊಸರನ್ನ ತಿಂದು, ‘ಅಜ್ಜಿ, ಸೂಪರ್!’ ಎಂದ. ಮೂರನೇ ತುತ್ತಿಗೆ ಕೆಮ್ಮು ಶುರುವಾಯಿತು. ಕಣ್ಣಿನ ರೆಪ್ಪೆ ಊದಿತು. ಅವರ ತಾತ ಅವನನ್ನು ಎತ್ತಿಕೊಂಡು ಬೀದಿಗೆ ಓಡಿದ್ದು, ಆಟೋದಲ್ಲಿ ನಾನು ಅವನ ಕೈ ಹಿಡಿದು ಕೂತಿದ್ದು ಇನ್ನೂ ಕಣ್ಣ ಮುಂದಿದೆ. ಸರಿಯಾದ ಹೊತ್ತಿಗೆ ಆಸ್ಪತ್ರೆ ಸೇರಿದ್ದರಿಂದ ಸಂಜೆ ಹೊತ್ತಿಗೆ ಸುಧಾರಿಸಿಕೊಂಡ.

ವೈದ್ಯರು ಬೈಯಲಿಲ್ಲ, ಬಿಡಿಸಿ ಹೇಳಿದರು. ಹಾಲಿನ ಸಕ್ಕರೆ ಅರಗದವರಿಗೆ ಹೊಟ್ಟೆ ಉಬ್ಬರಿಸುತ್ತದೆ, ಭೇದಿಯಾಗುತ್ತದೆ. ಅವರಲ್ಲಿ ಎಷ್ಟೋ ಜನ ಸ್ವಲ್ಪ ಮೊಸರು ತಿಂದು ಅರಗಿಸಿಕೊಳ್ಳುತ್ತಾರೆ. ಅಲರ್ಜಿ ಬೇರೆ. ಅದು ಹಾಲಿನ ಪ್ರೋಟೀನಿನ ಮೇಲೆ ಮೈ ತಿರುಗಿಬೀಳುವುದು. ಅದಕ್ಕೆ ಚಮಚದ ಲೆಕ್ಕವಿಲ್ಲ. ನನ್ನ ವಯಸ್ಸಿನವರೇ, ‘ಸ್ವಲ್ಪ ಕೊಟ್ಟರೆ ರೂಢಿಯಾಗುತ್ತದೆ’ ಎಂಬ ನಮ್ಮ ಮಾತು ಇಲ್ಲಿ ನಡೆಯುವುದಿಲ್ಲ.

ಹಾಗಾದರೆ ಹೆಪ್ಪಿಗೆ ಏನು? ಪಕ್ಕದ ಮನೆಯ ಅಕ್ಕ, ‘ಹಸಿಮೆಣಸಿನಕಾಯಿ ತೊಟ್ಟು ಹಾಕ್ರೀ’ ಎಂದರು. ಆಗ ತಲೆ ಚಚ್ಚಿಕೊಂಡೆ. ಮನೆಯಲ್ಲಿ ಹೆಪ್ಪು ಮುಗಿದಾಗ ನಮ್ಮತ್ತೆ ಮಾಡುತ್ತಿದ್ದುದೂ ಅದನ್ನೇ! ಮಕ್ಕಳೇ, ಮೆಣಸಿನಕಾಯಿಯ ತೊಟ್ಟಿನಲ್ಲಿ ಹಾಲನ್ನು ಹುಳಿ ಮಾಡುವ ಬ್ಯಾಕ್ಟೀರಿಯಾಗಳು ತಾವಾಗಿಯೇ ಇರುತ್ತವೆ. ಅವು ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಆ ಹುಳಿಗೆ ಪ್ರೋಟೀನು ಗಟ್ಟಿಯಾಗುತ್ತದೆ, ಮೊಸರಾಗುತ್ತದೆ.

ಈಗ ನಾನು ಮಾಡುವುದು ಹೀಗೆ. ಒಂದು ಲೋಟ ಹಸಿ ಶೇಂಗಾ ಬೀಜವನ್ನು ರಾತ್ರಿ ನೆನೆಹಾಕುತ್ತೇನೆ. ಬೆಳಿಗ್ಗೆ ಸಿಪ್ಪೆ ಉಜ್ಜಿ ತೆಗೆದು, ಮೂರು ಲೋಟ ನೀರು ಹಾಕುತ್ತಾ ನುಣ್ಣಗೆ ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡುತ್ತೇನೆ. (ಉಳಿದ ಚರಟವನ್ನು ಎಸೆಯಬೇಡಿ, ರೊಟ್ಟಿ ಹಿಟ್ಟಿಗೆ ಸೇರಿಸಿ.) ಹಾಲನ್ನು ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತಾ ಕುದಿಸಬೇಕು, ತಳ ಬೇಗ ಹಿಡಿಯುತ್ತದೆ. ಆರಿಸಿ, ಬೆರಳಿಟ್ಟರೆ ಬಿಸಿ ತಾಗಬೇಕು, ಸುಡಬಾರದು, ಅಷ್ಟಾದಾಗ ಅರ್ಧ ಚಮಚ ಸಕ್ಕರೆ, ತೊಳೆದ ಹತ್ತು ಹನ್ನೆರಡು ಮೆಣಸಿನಕಾಯಿ ತೊಟ್ಟು ಹಾಕಿ ಬೆಚ್ಚಗೆ ಮುಚ್ಚಿಡುತ್ತೇನೆ. ಮೊದಲ ಸಲದ್ದು ನೀರು ನೀರಾಗಿರುತ್ತದೆ, ಸ್ವಲ್ಪ ಖಾರದ ವಾಸನೆಯೂ ಇರುತ್ತದೆ. ಅದು ತಿನ್ನುವುದಕ್ಕಲ್ಲ, ಹೆಪ್ಪಿಗೆ. ಅದರಲ್ಲಿ ಒಂದು ಚಮಚ ತೆಗೆದು ಮತ್ತೊಂದು ಪಾತ್ರೆ ಹಾಲಿಗೆ ಹಾಕಿದರೆ ಎರಡನೇ ಸಲ ಮೊಸರು ಗಟ್ಟಿ. ಬಣ್ಣವೋ ವಾಸನೆಯೋ ಕೆಟ್ಟಂತೆ ಕಂಡರೆ ಮಾತ್ರ ಯೋಚಿಸದೆ ಚೆಲ್ಲಿಬಿಡಿ.

ಮೊಸರನ್ನಕ್ಕೆ ಇದು ಬಹಳ ಚೆನ್ನ. ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಬಿದ್ದರೆ ಶೇಂಗಾದ ವಾಸನೆ ಹಿಂದೆ ಸರಿಯುತ್ತದೆ. ಮಜ್ಜಿಗೆಹುಳಿಯಲ್ಲಿ ಮೊದಲ ಸಲ ಸೋತೆ, ಕುದಿಯುವಾಗ ಹಾಕಿ ಒಡೆದುಹೋಯಿತು. ಈಗ ಬೂದುಗುಂಬಳ, ಮಸಾಲೆ ಬೆಂದ ಮೇಲೆ ಒಲೆ ಆರಿಸಿ, ಕಡೆಗೆ ಮೊಸರು ಬೆರೆಸುತ್ತೇನೆ. ತೆಂಗಿನ ಹಾಲಿನ ಮೊಸರೂ ರುಚಿಯೇ, ಆದರೆ ಅದರಲ್ಲಿ ಪ್ರೋಟೀನು ಕಡಿಮೆ. ಇನ್ನು ಸುಣ್ಣದ ಅಂಶಕ್ಕೆ ಶೇಂಗಾವನ್ನು ನಂಬುವಂತಿಲ್ಲ. ಅದಕ್ಕೆ ರಾಗಿ ಇದೆ, 100 ಗ್ರಾಂನಲ್ಲಿ 300 ಮಿಲಿಗ್ರಾಂಗೂ ಹೆಚ್ಚು.

ಹುಟ್ಟುಹಬ್ಬಕ್ಕೆ ಕೇಕನ್ನೂ ಮಾಡಿದೆವು. ಒಂದು ಲೋಟ ಶೇಂಗಾ ಮೊಸರು, ಮುಕ್ಕಾಲು ಲೋಟ ಸಕ್ಕರೆ ಕದಡಿ, ಅರ್ಧ ಚಮಚ ಅಡುಗೆ ಸೋಡ, ಒಂದೂಕಾಲು ಚಮಚ ಬೇಕಿಂಗ್ ಪೌಡರ್ ಹಾಕಿದ. ಬುಸುಬುಸು ನೊರೆ ಎದ್ದಾಗ ಹುಡುಗ ಕುಣಿದಾಡಿದ. ಮೊಸರಿನ ಹುಳಿಗೆ ಸೋಡ ಸೇರಿದಾಗ ಹುಟ್ಟುವ ಇಂಗಾಲದ ಡೈ ಆಕ್ಸೈಡ್ ಅದು; ಕೇಕು ಉಬ್ಬುವುದು ಅದರಿಂದಲೇ. ಮೊಸರು ಸಪ್ಪೆಯಾಗಿದ್ದರೆ ಒಂದು ಚಮಚ ನಿಂಬೆರಸ ಬೇಕು. ಆಮೇಲೆ ಅರ್ಧ ಲೋಟ ಎಣ್ಣೆ, ಜರಡಿ ಹಿಡಿದ ಒಂದೂವರೆ ಲೋಟ ಮೈದಾ. ನಮ್ಮಲ್ಲಿ ಓವನ್ ಇಲ್ಲ. ಕುಕ್ಕರಿನ ತಳದಲ್ಲಿ ಉಪ್ಪು ಹರಡಿ, ಗ್ಯಾಸ್ಕೆಟ್ಟು, ವಿಷಲ್ ಎರಡನ್ನೂ ತೆಗೆದು, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಇಟ್ಟೆ. ಕಡ್ಡಿ ಚುಚ್ಚಿದರೆ ಹಿಟ್ಟು ಅಂಟಲಿಲ್ಲ.

ಈಗ ಫ್ರಿಜ್ಜಿನಲ್ಲಿ ಎರಡು ಡಬ್ಬಿ. ಒಂದರ ಮೇಲೆ ಅವನೇ ದಪ್ಪ ಅಕ್ಷರದಲ್ಲಿ ‘ನನ್ನ ಮೊಸರು, ಬೇರೆ ಚಮಚ ಹಾಕಬೇಡಿ’ ಎಂದು ಬರೆದು ಅಂಟಿಸಿದ್ದಾನೆ. ಮೊನ್ನೆ ನೋಡಿದರೆ ಡಬ್ಬಿ ಅರ್ಧ ಖಾಲಿ. ಹುಡುಗ ತಿಂದಿರಲಿಲ್ಲ. ‘ಶುದ್ಧ ಚಮಚದಲ್ಲೇ ತಗೊಂಡೆ ಕಣೇ’ ಎಂದರು ಅವರ ತಾತ.