ಕ್ರಿಪ್ಟೋ ನಾಣ್ಯಕ್ಕೆ ನಿಜವಾದ ಬೆಲೆ ಇದೆಯೇ?

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೂ ಶಾಂತಿ ಇರಲಿ.

ಸಹೋದರ ಸಹೋದರಿಯರೇ, ಈ ಖುತ್ಬಾಕ್ಕೆ ವಿಷಯ ಕೊಟ್ಟವನು ಚಾಮರಾಜಪೇಟೆಯ ನಮ್ಮ ಜಮಾಅತಿನ ಒಬ್ಬ ಯುವಕ. ಜುಮಾ ಮುಗಿದ ಮೇಲೆ ಮಸೀದಿಯ ಮೆಟ್ಟಿಲ ಬಳಿ ನಿಲ್ಲಿಸಿ ಕೇಳಿದ: "ಹಜ್ರತ್, ಬಿಟ್‌ಕಾಯಿನ್ ಹಲಾಲೋ ಹರಾಮೋ? ಒಂದೇ ಮಾತಲ್ಲಿ ಹೇಳಿಬಿಡಿ." ತಂಗಿಯ ಮದುವೆಗೆಂದು ತಾಯಿ ಕೂಡಿಟ್ಟ ಎರಡು ಲಕ್ಷ ರೂಪಾಯಿ ಅವನ ಖಾತೆಯಲ್ಲಿತ್ತು. ಒಂದೇ ಮಾತಲ್ಲಿ ಉತ್ತರಿಸಲು ನಮ್ಮಿಂದ ಆಗಲಿಲ್ಲ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತಿದ್ದೇವೆ.

ಬಿಟ್‌ಕಾಯಿನ್ 2009ರಲ್ಲಿ ಆರಂಭವಾಯಿತು. ಅದು ಕೈಗೆ ಸಿಗುವ ನಾಣ್ಯವಲ್ಲ, ಯಾರ ಬಳಿ ಎಷ್ಟಿದೆ ಎಂಬ ಲೆಕ್ಕ. ಆ ಲೆಕ್ಕದ ಪುಸ್ತಕ ಒಂದು ಬ್ಯಾಂಕಿನಲ್ಲಿಲ್ಲ. ಅದರ ಪ್ರತಿಗಳು ಜಗತ್ತಿನ ಸಾವಿರಾರು ಕಂಪ್ಯೂಟರುಗಳಲ್ಲಿವೆ. ಒಟ್ಟು ಸಂಖ್ಯೆ 2 ಕೋಟಿ 10 ಲಕ್ಷ ದಾಟುವಂತಿಲ್ಲ ಎಂಬುದು ಅದರ ನಿಯಮ. ಚಿನ್ನದಂತೆ ವಿರಳವಾದ್ದರಿಂದ ಬೆಲೆ ಉಳಿಯುತ್ತದೆ ಎಂದು ಬೆಂಬಲಿಗರು ವಾದಿಸುತ್ತಾರೆ.

ಆದರೆ ವಿರಳವಾದುದೆಲ್ಲ ಬೆಲೆಯುಳ್ಳದ್ದಾಗುವುದಿಲ್ಲ. ಅವೆನ್ಯೂ ರಸ್ತೆಯಲ್ಲಿ ಹಳೆಯ ಬಳೆಯನ್ನು ಕರಗಿಸಿದರೂ ಚಿನ್ನ ಚಿನ್ನವೇ. ಟಿಪ್ಪು ಸುಲ್ತಾನರ ಆಳ್ವಿಕೆ 1799ರಲ್ಲಿ ಮುಗಿಯಿತು. ಅವರ ಟಂಕಸಾಲೆಯ ಬೆಳ್ಳಿ ರೂಪಾಯಿ ತನ್ನ ಬೆಳ್ಳಿಯ ಬೆಲೆಯನ್ನು ಕಳೆದುಕೊಳ್ಳಲಿಲ್ಲ.

"ಹಾಗಾದರೆ ನೋಟು ಕೂಡ ಬರೀ ಕಾಗದ ಅಲ್ಲವಾ ಹಜ್ರತ್?" ಎಂದ ಯುವಕ. ಸರಿಯಾದ ಪ್ರಶ್ನೆ. ಜನರು ಚರ್ಮವನ್ನೇ ನಾಣ್ಯವಾಗಿ ಚಲಾಯಿಸಿದರೆ ಅದರ ವಿನಿಮಯಕ್ಕೂ ಚಿನ್ನ ಬೆಳ್ಳಿಯ ಕಟ್ಟುನಿಟ್ಟು ಬೇಕೆಂಬ ಅರ್ಥದಲ್ಲಿ ಇಮಾಮ್ ಮಾಲಿಕ್(ರ) ಹೇಳಿದ್ದರು. ಅಂದರೆ ಜನರ ಒಪ್ಪಿಗೆಯಿಂದಲೂ ಬೆಲೆ ಹುಟ್ಟುತ್ತದೆ. ಆದರೆ ಆ ಒಪ್ಪಿಗೆಗೆ ಹೊಣೆ ಯಾರು? 2016ರ ನವೆಂಬರ್ 8ರ ರಾತ್ರಿ 500, 1000ದ ನೋಟುಗಳು ರದ್ದಾದಾಗ ನಾವೆಲ್ಲ ಕಷ್ಟಪಟ್ಟೆವು. ಆದರೂ ಡಿಸೆಂಬರ್ 30ರವರೆಗೆ ಹಳೆಯ ನೋಟನ್ನು ಖಾತೆಗೆ ಕಟ್ಟಲು ಬ್ಯಾಂಕಿನ ಬಾಗಿಲು ತೆರೆದಿತ್ತು. ಬಿಟ್‌ಕಾಯಿನ್‌ನ ಗುಪ್ತಸಂಖ್ಯೆ ಕಳೆದುಹೋದರೆ ತಟ್ಟಲು ಯಾವ ಬಾಗಿಲೂ ಇಲ್ಲ.

ಬೆಲೆಯ ಏರಿಳಿತವನ್ನೂ ನೋಡಿ. 2021ರ ನವೆಂಬರ್‌ನಲ್ಲಿ ಸುಮಾರು 69,000 ಡಾಲರ್ ಇದ್ದ ಬಿಟ್‌ಕಾಯಿನ್ ಒಂದೇ ವರ್ಷದಲ್ಲಿ ಸುಮಾರು 16,000ಕ್ಕೆ ಕುಸಿಯಿತು. 2024ರ ಡಿಸೆಂಬರ್‌ನಲ್ಲಿ ಒಂದು ಲಕ್ಷ ದಾಟಿತು. ಮದುವೆ ಬಿಟ್‌ಕಾಯಿನ್ ಏರುವವರೆಗೆ ಕಾಯುವುದಿಲ್ಲ.

ಉಲಮಾಗಳಲ್ಲಿ ಒಮ್ಮತವಿಲ್ಲ. ಈಜಿಪ್ಟಿನ ಮುಫ್ತಿ 2018ರ ಆರಂಭದ ವೇಳೆಗೆ ಇದನ್ನು ನಿಷಿದ್ಧವೆಂದರು. ಕರೆನ್ಸಿಯಾಗಿ ಬಳಸುವುದು ಹರಾಮ್ ಎಂದು ಇಂಡೋನೇಷ್ಯಾದ ಉಲಮಾ ಮಂಡಳಿ 2021ರಲ್ಲಿ ತೀರ್ಮಾನಿಸಿತು. ಮಲೇಷ್ಯಾದ ಷೇರುಪೇಟೆ ನಿಯಂತ್ರಣ ಸಂಸ್ಥೆಯ ಶರೀಅತ್ ಮಂಡಳಿ 2020ರಲ್ಲಿ ಷರತ್ತುಗಳೊಂದಿಗೆ ಇದರ ವ್ಯಾಪಾರಕ್ಕೆ ಅವಕಾಶ ಕೊಟ್ಟಿತು. ನಮ್ಮ ದೇಶದಲ್ಲಿ ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಬ್ಯಾಂಕುಗಳನ್ನು ಇದರಿಂದ ದೂರವಿರಿಸಿತು. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದುಪಡಿಸಿತು. 2022ರಿಂದ ಲಾಭದ ಮೇಲೆ ಶೇ. 30 ತೆರಿಗೆ ಇದೆ. ತೆರಿಗೆ ಹಾಕಿದ ಮಾತ್ರಕ್ಕೆ ಅದು ದೇಶದ ಹಣವಾಗಲಿಲ್ಲ.

ನಮ್ಮ ಊರಿನ ಗಾಯವನ್ನೂ ಮರೆಯಬಾರದು. 2019ರ ಜೂನ್‌ನಲ್ಲಿ ಶಿವಾಜಿನಗರದ ಐ.ಎಂ.ಎ. ಬಾಗಿಲು ಮುಚ್ಚಿದಾಗ ಸಾವಿರಾರು ಮುಸ್ಲಿಂ ಕುಟುಂಬಗಳು ದೂರು ಕೊಡಲು ಸಾಲುಗಟ್ಟಿ ನಿಂತವು. ಅಲ್ಲಿ ಕ್ರಿಪ್ಟೋ ಇರಲಿಲ್ಲ, ಹಲಾಲ್ ಎಂಬ ಹೆಸರಿತ್ತು. ಲಾಭ ಎಲ್ಲಿಂದ ಬರುತ್ತದೆಂದು ಕೇಳದೆ ಹಣ ಕೊಟ್ಟವರು ಬಹಳ ಮಂದಿ. ಇಂದು ಕ್ರಿಪ್ಟೋ ಹೆಸರಿನಲ್ಲಿ "ತಿಂಗಳಿಗೆ ಇಷ್ಟು ಖಚಿತ, ಇನ್ನಿಬ್ಬರನ್ನು ಸೇರಿಸಿ" ಎನ್ನುವವರ ಮಾತೂ ಅದೇ ರಾಗ. ಅಂಥವರಿಂದ ದೂರವಿರಿ. ಇಂದು ಕೊಂಡು ನಾಳೆ ಏರಲಿ ಎಂದು ಸಾಲ ಮಾಡಿ ಪಣವಿಡುವುದು ಜೂಜಿನ ದಾರಿ. ಜೂಜಿನಲ್ಲಿ ಒಂದಿಷ್ಟು ಲಾಭವಿದ್ದರೂ ಅದರ ಪಾಪವೇ ದೊಡ್ಡದೆಂದು ಪವಿತ್ರ ಕುರ್‌ಆನ್ (ಅಲ್-ಬಕರ: 219) ಎಚ್ಚರಿಸಿದೆ. ಈಗಾಗಲೇ ವ್ಯಾಪಾರಕ್ಕೆಂದು ಕೊಂಡಿಟ್ಟವರು ಝಕಾತ್ ಲೆಕ್ಕದ ದಿನದ ಬೆಲೆಯನ್ನು ಇತರ ಸಂಪತ್ತಿನೊಂದಿಗೆ ಸೇರಿಸಿ ಶೇ. 2.5 ತೆಗೆಯುವುದು ಸುರಕ್ಷಿತ.

ಕೊನೆಗೆ ಆ ಯುವಕನಿಗೆ ನಾವು ಒಂದೇ ಪ್ರಶ್ನೆ ಕೇಳಿದೆವು: "ಬೇಟಾ, ಅಮ್ಮಿಗೆ ಹೇಳಿದ್ದೀಯಾ?" ಅವನು ತಲೆ ತಗ್ಗಿಸಿದ. ನಾಣ್ಯದ ಬೆಲೆಯ ಬಗ್ಗೆ ವಿದ್ವಾಂಸರು ಇನ್ನೂ ಚರ್ಚಿಸುತ್ತಿದ್ದಾರೆ. ಅಮಾನತ್ತಿನ ಬಗ್ಗೆ ಚರ್ಚೆಯೇ ಇಲ್ಲ. ಅದನ್ನು ಅದರ ಹಕ್ಕುದಾರರಿಗೆ ಒಪ್ಪಿಸಬೇಕೆಂಬುದು ಅಲ್ಲಾಹನ ಆಜ್ಞೆ (ಅನ್ನಿಸಾ: 58). ತಂಗಿಯ ಮದುವೆಯ ಹಣ, ಹಜ್ಜಿನ ಹಣ, ಬಾಡಿಗೆ ಮನೆಯ ಅಡ್ವಾನ್ಸ್ ನಮ್ಮ ಸಾಹಸಕ್ಕೆ ಇರುವುದಲ್ಲ.

ಅಲ್ಲಾಹನು ನಮ್ಮ ಗಳಿಕೆಯನ್ನು ಹಲಾಲ್ ಆಗಿಸಲಿ, ಇರುವಷ್ಟರಲ್ಲಿ ಬರಕತ್ ನೀಡಲಿ. ಆಮೀನ್.