ಜಿರಾಫೆ ಕೆತ್ತಿದ ಊರಿಗೆ ಬಂದ ಪರದೇಶದ ಮಕ್ಕಳು

ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಬಂದವರು ತಲೆಯೆತ್ತಿ ಕಂಬಗಳನ್ನು ನೋಡುತ್ತಾರೆ. ಭೈರಾದೇವಿ ಮಂಟಪದ ಬಳಿ ಮಾತ್ರ ತಲೆ ತಗ್ಗಿಸಬೇಕು. ಅಲ್ಲಿ ಜಗಲಿಯ ಕಲ್ಲಿನಲ್ಲಿ ಉದ್ದ ಕತ್ತಿನ ಜಿರಾಫೆಯಿದೆ, ಚೀನಾದ ಡ್ರ್ಯಾಗನ್ ಇದೆ. ತುಳುನಾಡಿನ ಕಾಡಿನಲ್ಲಿ ಇವೆರಡೂ ಎಂದೂ ಇರಲಿಲ್ಲ. ಕರಾವಳಿಯ ಅಕ್ಕಿ, ಕರಿಮೆಣಸು ಹೊತ್ತು ಹೋದ ಹಡಗುಗಳು ಮರಳುವಾಗ ಸರಕಿನ ಜೊತೆ ದೂರದೇಶದ ಸುದ್ದಿಯನ್ನೂ ಚಿತ್ರಗಳನ್ನೂ ತಂದಿರಬೇಕು. ಶಿಲ್ಪಿ ಅದನ್ನು ಕಲ್ಲಿಗೆ ಇಳಿಸಿದ.

ಮಂಗಳೂರು, ಮಣಿಪಾಲಗಳಲ್ಲಿ ಓದುವ ವಿದೇಶಿ ವಿದ್ಯಾರ್ಥಿಗಳಿಗೆ ಈ ಸೀಮೆಯ ಚರಿತ್ರೆ ಹೇಳಲು ಇದಕ್ಕಿಂತ ಒಳ್ಳೆಯ ಆರಂಭವಿಲ್ಲ. 1430ರಲ್ಲಿ ಕಟ್ಟಿದ ಈ ಬಸದಿಯ ಇಳಿಜಾರು ಮಾಡುಗಳನ್ನು ಕಂಡು, 19ನೇ ಶತಮಾನದ ವಾಸ್ತುಚರಿತ್ರೆಕಾರ ಜೇಮ್ಸ್ ಫರ್ಗುಸನ್ ನೇಪಾಳದ ಕಟ್ಟಡಗಳನ್ನು ನೆನೆದಿದ್ದ. ಆಟಿ ತಿಂಗಳ ಮಳೆಯಲ್ಲಿ ಬಂದವರಿಗಂತೂ ಆ ಮಾಡು ಏಕೆ ಹಾಗೆ ಬಾಗಿದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಊರಿನೊಳಗೇ ಚೌಟರ ಅರಮನೆಯಿದೆ. ಅದರ ಮರದ ಕಂಬದಲ್ಲಿ ಒಂಬತ್ತು ಹೆಂಗಸರು ಸೇರಿ ಆನೆಯಾಗಿದ್ದಾರೆ, ಐವರು ಸೇರಿ ಕುದುರೆಯಾಗಿದ್ದಾರೆ: ನವನಾರಿ ಕುಂಜರ, ಪಂಚನಾರಿ ತುರಗ. ಪೋರ್ಚುಗೀಸರಿಗೆ ಕಪ್ಪ ಕೊಡಲೊಪ್ಪದೆ ಸೆಣಸಿದ ಉಳ್ಳಾಲದ ರಾಣಿ ಅಬ್ಬಕ್ಕ ಇದೇ ಚೌಟರ ಮನೆತನದವಳು. ಆಸ್ತಿ, ಅಧಿಕಾರ ತಾಯಿಯ ಕಡೆಯಿಂದ ಇಳಿದುಬರುವ ಅಳಿಯಕಟ್ಟನ್ನು ವಿವರಿಸದೆ ಅವಳ ಕತೆ ಪೂರ್ತಿಯಾಗುವುದಿಲ್ಲ.

ಅಬ್ಬಕ್ಕನ ಹೆಸರು ಹಿಡಿದೇ ಬಂಟ್ವಾಳಕ್ಕೆ ಹೋಗಬಹುದು. ಬಿ.ಸಿ.ರೋಡಿನ ಸಂಚಯಗಿರಿಯಲ್ಲಿ ಇತಿಹಾಸದ ಪ್ರಾಧ್ಯಾಪಕ ತುಕಾರಾಮ ಪೂಜಾರಿ ಅವರು ಕಟ್ಟಿ ಬೆಳೆಸಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ ಮತ್ತು ತುಳು ಬದುಕು ವಸ್ತುಸಂಗ್ರಹಾಲಯ ಇವೆ. ಇಲ್ಲಿನ ಆಸ್ತಿ ಚಿನ್ನ, ಸಿಂಹಾಸನಗಳಲ್ಲ. ಅಡುಗೆಮನೆಯ ಪಾತ್ರೆ, ಬೇಸಾಯದ ಸಲಕರಣೆ, ದೀಪ, ಅಳತೆಯ ಮಾಪು. ಒಂದು ಸೇರನ್ನು ಕೈಗಿತ್ತರೆ ಸಾಕು, ಪಾಠ ಶುರುವಾಗುತ್ತದೆ. 14 ಸೇರು ಒಂದು ಕಳಸೆ, ಮೂರು ಕಳಸೆ ಒಂದು ಮುಡಿ. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಆ ಅಕ್ಕಿಮುಡಿಯ ಲೆಕ್ಕದಲ್ಲೇ ಒಕ್ಕಲು ಧಣಿಗೆ ಗೇಣಿ ಅಳೆಯುತ್ತಿದ್ದ. 1974ರ ಭೂಸುಧಾರಣೆ ತಿದ್ದುಪಡಿ ಕಾಯ್ದೆಯ ಬಳಿಕ ಉಳುವವನೇ ಹೊಲದೊಡೆಯನಾದ. ಅರಸರ ಪಟ್ಟಿ ಬಾಯಿಪಾಠ ಮಾಡಿಸುವ ಬದಲು ಹೊರಗಿನ ಮಕ್ಕಳನ್ನು ಮೊದಲು ಇಂಥ ಮನೆಗೆ ಕರೆದೊಯ್ಯಬೇಕು. ಒನಕೆ, ಬೀಸುಕಲ್ಲು ಎಲ್ಲ ದೇಶದ ಅಜ್ಜಿಯರಿಗೂ ಗೊತ್ತು.

ಬಂಟ್ವಾಳದ ಬಳಿಕ ಬೆಳ್ತಂಗಡಿ ತಾಲೂಕಿನ ವೇಣೂರಿಗೆ ಹೋಗಬಹುದು. ಫಲ್ಗುಣಿ ದಡದ ಈ ಊರಿನಲ್ಲಿ ಅರಸ ತಿಮ್ಮಣ್ಣ ಅಜಿಲ 1604ರಲ್ಲಿ 35 ಅಡಿಯ ಬಾಹುಬಲಿಯನ್ನು ನಿಲ್ಲಿಸಿದ. ಹನ್ನೆರಡು ವರ್ಷಗಳಿಗೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕ 2024ರಲ್ಲಿ ಆಯಿತು. ಅಲ್ಲಿಂದ ಮುಂದಕ್ಕೆ ಧರ್ಮಸ್ಥಳ. ದೇವರು ಶಿವ, ಪೂಜೆ ಮಾಧ್ವ ವೈಷ್ಣವರದು, ಧರ್ಮಾಧಿಕಾರಿಗಳು ಜೈನ ಹೆಗ್ಗಡೆ ಮನೆತನದವರು. ಧರ್ಮವೆಂದರೆ ಒಂದು ಗ್ರಂಥ, ಒಂದು ಗುರುಪೀಠ ಎಂದು ತಿಳಿದು ಬೆಳೆದವರು ಇದನ್ನು ಎರಡೆರಡು ಸಲ ಕೇಳಿ ಖಚಿತಪಡಿಸಿಕೊಳ್ಳುವುದು ಸಹಜ. ಕಾಲಲ್ಲಿ ಕಸುವಿರುವವರಿಗೆ ಟಿಪ್ಪು 1794ರಲ್ಲಿ ಕೋಟೆ ಕಟ್ಟಿಸಿದ ಜಮಾಲಾಬಾದಿನ ಗಡಾಯಿಕಲ್ಲಿದೆ. ಬಂಡೆಯಲ್ಲೇ ಕಡಿದ ಮೆಟ್ಟಿಲು ಏರಬೇಕು.

ಹೊರಗಿನವರನ್ನು ಬರಮಾಡಿಕೊಳ್ಳುವ ಕೆಲಸ ಮೂಡುಬಿದಿರೆಯಲ್ಲಿ ಇಂದಿಗೂ ನಡೆದಿದೆ. 2022ರ ಡಿಸೆಂಬರ್ 21ರಿಂದ 27ರವರೆಗೆ ಆಳ್ವಾಸ್ ಶಿಕ್ಷಣ ಸಂಸ್ಥೆಯ ವಿದ್ಯಾಗಿರಿಯಲ್ಲಿ ಸ್ಕೌಟ್ಸ್ ಗೈಡ್ಸ್ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆದು, ಹೊರದೇಶದ ತಂಡಗಳು ಕನ್ನಡದ ಮಕ್ಕಳ ಜೊತೆ ಬಿಡಾರ ಹೂಡಿದವು. ಡಾ. ಎಂ. ಮೋಹನ ಆಳ್ವರ ಈ ಸಂಸ್ಥೆಯ ಸಾಂಸ್ಕೃತಿಕ ತಂಡದಲ್ಲಿ ಶ್ರೀಲಂಕಾದ ವಿದ್ಯಾರ್ಥಿಗಳೂ ಕುಣಿಯುತ್ತಾರೆ. ಒಂದೇ ರಂಗದ ಮೇಲೆ ಯಕ್ಷಗಾನದ ಚೆಂಡೆ ನಿಂತೊಡನೆ ಸಿಂಹಳದ ಡೋಲು ಮೊಳಗುತ್ತದೆ.

ಆ ಲಂಕೆಯ ಮಕ್ಕಳಿಗೆ ಪೇಟೆಯ ಗುರು ಬಸದಿ ಅಷ್ಟೇನೂ ಅಪರಿಚಿತ ಅನ್ನಿಸಲಾರದು. ಜೈನರ ಪ್ರಾಕೃತ ಧವಲಾ ಗ್ರಂಥಗಳು ಹಳಗನ್ನಡ ಲಿಪಿಯಲ್ಲಿ, ತಾಳೆಗರಿಗಳ ಮೇಲೆ ಶತಮಾನಗಳ ಕಾಲ ಉಳಿದುಬಂದದ್ದು ಅಲ್ಲಿ. ಅವರ ನಾಡಿನ ಅಲುವಿಹಾರದಲ್ಲೂ ಬೌದ್ಧ ಭಿಕ್ಷುಗಳು ಪಾಲಿ ತ್ರಿಪಿಟಕವನ್ನು ಮೊದಲು ಬರೆದಿಟ್ಟದ್ದು ತಾಳೆಗರಿಯ ಮೇಲೆಯೇ ಎನ್ನುತ್ತದೆ ಅಲ್ಲಿನ ಪರಂಪರೆ.