ಟಿ. ದಾಸರಹಳ್ಳಿಯ ಜನ ಯಾರು? ಗಣತಿ ಹೇಳುವುದೆಷ್ಟು?

ಬೆಂಗಳೂರು: ತುಮಕೂರು ರಸ್ತೆಯಲ್ಲಿ ಗೊರಗುಂಟೆಪಾಳ್ಯ, ಪೀಣ್ಯ, ಜಾಲಹಳ್ಳಿ ಕ್ರಾಸ್‌ಗಳನ್ನು ದಾಟಿದರೆ ದೊರೆಯುವುದು ಟಿ. ದಾಸರಹಳ್ಳಿ. ಹೊಸಬರಿಗೆ ಅದು ಮಹಾನಗರದ ಮತ್ತೊಂದು ಬಡಾವಣೆ, ಮೆಟ್ರೊ ಹಸಿರು ಮಾರ್ಗದ ಒಂದು ನಿಲ್ದಾಣ. ಆದರೆ 2001ರ ಜನಗಣತಿಯ ಪುಟಗಳಲ್ಲಿ ದಾಸರಹಳ್ಳಿ ಸ್ವತಂತ್ರ ನಗರವಾಗಿತ್ತು. ಅಂದಿನ ನಗರಸಭೆಯ ವ್ಯಾಪ್ತಿಯ ಜನಸಂಖ್ಯೆ 2.6 ಲಕ್ಷವನ್ನು ಮೀರಿತ್ತು.

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿ 2010ರಲ್ಲಿ ಇದ್ದ ಜನರೂ ಹೆಚ್ಚುಕಡಿಮೆ ಅಷ್ಟೇ. ಹೋಲಿಕೆ ಅಲ್ಲಿಗೇ ಮುಗಿಯುತ್ತದೆ. ಆ ದೇಶದಲ್ಲಿ 65 ಸಾವಿರಕ್ಕೂ ಹೆಚ್ಚು ಜನರಿರುವ ಊರುಗಳ ಬಗ್ಗೆ ಜನಗಣತಿ ಇಲಾಖೆಯು ಸಮೀಕ್ಷೆ ನಡೆಸಿ ಪ್ರತಿವರ್ಷ ಅಂದಾಜುಗಳನ್ನು ಪ್ರಕಟಿಸುತ್ತದೆ. ನಿವಾಸಿಗಳು ಎಲ್ಲಿ ಹುಟ್ಟಿದವರು, ಮನೆಯಲ್ಲಿ ಯಾವ ಭಾಷೆ ಆಡುವವರು, ಕಳೆದ ವರ್ಷ ಎಲ್ಲಿದ್ದರು, ಕೆಲಸಕ್ಕೆ ಹೇಗೆ ಹೋಗುವರು ಎಂಬುದೆಲ್ಲ ಅದರಲ್ಲಿ ದೊರೆಯುತ್ತದೆ. ದಾಸರಹಳ್ಳಿಯ ವಿಷಯದಲ್ಲಿ ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕುವವರು ಕೊನೆಗೆ ಮೆಟ್ರೊ ಕಂಬಗಳ ಕೆಳಗೆ ನಿಂತು ಬಸ್ಸಿನ ಫಲಕಗಳನ್ನು ಓದಬೇಕಾಗುತ್ತದೆ.

ಇದಕ್ಕೆ ಕಾರಣ 2007ರ ವಿಲೀನ. ಆ ವರ್ಷ ದಾಸರಹಳ್ಳಿ, ಯಲಹಂಕ, ಬೊಮ್ಮನಹಳ್ಳಿ, ಮಹದೇವಪುರ ಮುಂತಾದ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಹಾಗೂ 110 ಹಳ್ಳಿಗಳು ಬೆಂಗಳೂರಿನೊಡನೆ ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರೂಪುಗೊಂಡಿತು. ನಗರವಾಗಿದ್ದ ದಾಸರಹಳ್ಳಿಯು ಹಲವು ವಾರ್ಡ್‌ಗಳಾಗಿ ಹಂಚಿಹೋಯಿತು; ಹಳೆಯ ಊರಿಗೆ ದಕ್ಕಿದ್ದು 15ನೇ ವಾರ್ಡ್. 2011ರ ಗಣತಿಯಲ್ಲಿ ವಾರ್ಡುವಾರು ಜನಸಂಖ್ಯೆ, ಸಾಕ್ಷರತೆ, ದುಡಿಯುವವರ ಸಂಖ್ಯೆಯಂಥ ಪ್ರಾಥಮಿಕ ಅಂಕಿಗಳೇನೋ ಪ್ರಕಟವಾದವು. ಭಾಷೆ ಮತ್ತು ವಲಸೆಯ ವಿವರಗಳು ಮಾತ್ರ ಇಡೀ ಮಹಾನಗರದ ಲೆಕ್ಕದಲ್ಲಿ ಕರಗಿದವು.

ಕಾರ್ಖಾನೆಯ ನೆರಳಿನ ಊರು

2001ರ ಅಂಕಿಗಳಲ್ಲಿ ಗಮನ ಸೆಳೆಯುವುದು ಸ್ತ್ರೀ-ಪುರುಷರ ಅನುಪಾತ. ದಾಸರಹಳ್ಳಿ ನಗರಸಭೆಯಲ್ಲಿ ನೂರಕ್ಕೆ ಸುಮಾರು 55 ಮಂದಿ ಪುರುಷರಿದ್ದರು. ಅಂದರೆ ಸಾವಿರ ಪುರುಷರಿಗೆ 820ರ ಆಸುಪಾಸಿನಷ್ಟು ಸ್ತ್ರೀಯರು. ಅದೇ ವರ್ಷ ಬೆಂಗಳೂರು ನಗರ ಜಿಲ್ಲೆಯ ಅನುಪಾತ 908. ಊರು ಬಿಟ್ಟು ಒಂಟಿಯಾಗಿ ಬಂದ ಗಂಡಸರು ತುಂಬಿಕೊಂಡ ಕೈಗಾರಿಕಾ ವಸತಿಯ ಗುರುತು ಇದು.

ಅದರ ಮೂಲ ನೆರೆಯಲ್ಲೇ ಇದೆ. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಸ್ಥಾಪನೆಗೊಂಡವು. ಈ ಸಾರ್ವಜನಿಕ ಉದ್ದಿಮೆಗಳ ನೌಕರರಿಗೆ ವಸತಿಗೃಹ, ಶಾಲೆ, ಆಸ್ಪತ್ರೆಗಳು ದೊರೆತವು. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯತೊಡಗಿದಾಗ ಬಂದ ಫಿಟ್ಟರ್, ಟರ್ನರ್, ಹೆಲ್ಪರ್‌ಗಳಿಗೆ ಅಂಥ ಕ್ವಾರ್ಟರ್ಸ್ ಇರಲಿಲ್ಲ. ಸಣ್ಣ ಷೆಡ್ಡುಗಳ ಮಾಲೀಕರು ಕೆಲಸ ಕೊಟ್ಟರು. ಮನೆ ಕೊಟ್ಟದ್ದು ದಾಸರಹಳ್ಳಿ, ಮಲ್ಲಸಂದ್ರ, ಬಾಗಲಗುಂಟೆ, ಚೊಕ್ಕಸಂದ್ರ, ಹೆಗ್ಗನಹಳ್ಳಿಗಳ ಭೂಮಾಲೀಕರು. ಹೊಲಗಳು ರೆವಿನ್ಯೂ ನಿವೇಶನಗಳಾದವು. ಮೂವತ್ತು-ನಲವತ್ತು ಅಡಿಯ ಜಾಗದಲ್ಲಿ ಕೆಳಗೆ ಮಾಲೀಕ, ಮೇಲೆ ಸಾಲು ರೂಮುಗಳು ಎಂಬ ಮಾದರಿ ಅಲ್ಲಿಂದಲೇ ನೆಲೆನಿಂತಿತು. ಯೋಜನಾ ಪ್ರಾಧಿಕಾರ ಒದಗಿಸದ ಕಾರ್ಮಿಕ ವಸತಿಯನ್ನು ಖಾಸಗಿ ಬಾಡಿಗೆಯೇ ಒದಗಿಸಿತೆಂದರೆ ತಪ್ಪಾಗದು.

ಮುಂದೆ ಸಿದ್ಧ ಉಡುಪು ಕಾರ್ಖಾನೆಗಳು ಬಂದಾಗ ಈ ಚಿತ್ರ ಬದಲಾಯಿತು. ‘ಗಾರ್ಮೆಂಟ್ಸ್‌ಗೆ ಹೋಗುವವರು’ ಎಂದರೆ ಬಹುಪಾಲು ಹೆಂಗಸರು. ಗಂಡ ಲೇತ್ ಮುಂದೆ, ಹೆಂಡತಿ ಹೊಲಿಗೆ ಯಂತ್ರದ ಮುಂದೆ ಎಂಬ ಕುಟುಂಬಗಳು ಈ ಪಟ್ಟಿಯಲ್ಲಿ ಸಾಮಾನ್ಯವಾದವು. ಇವರ ಸಂಖ್ಯಾಬಲ ಹೊರಜಗತ್ತಿಗೆ ಕಂಡದ್ದು 2016ರ ಏಪ್ರಿಲ್‌ನಲ್ಲಿ. ಭವಿಷ್ಯನಿಧಿ ಹಿಂಪಡೆಯುವ ನಿಯಮದ ಬದಲಾವಣೆಯನ್ನು ವಿರೋಧಿಸಿ ಹೊಸೂರು ರಸ್ತೆಯ ಕಡೆ ಆರಂಭವಾದ ಉಡುಪು ಕಾರ್ಮಿಕರ ಪ್ರತಿಭಟನೆ ತುಮಕೂರು ರಸ್ತೆಗೂ ಹಬ್ಬಿತು. ಕೇಂದ್ರ ಸರ್ಕಾರ ಆ ಅಧಿಸೂಚನೆಯನ್ನು ಹಿಂತೆಗೆದುಕೊಂಡಿತು.

ಇಂಥ ಹೆಂಗಸರನ್ನು ಗಣತಿ ಹೇಗೆ ಕಾಣುತ್ತದೆ? ಹಿಂದಿನ ವಾಸಸ್ಥಳವನ್ನು ಬಿಟ್ಟುಬಂದ ಕಾರಣವಾಗಿ ಉದ್ಯೋಗ, ವ್ಯಾಪಾರ, ಶಿಕ್ಷಣ, ವಿವಾಹ, ಹುಟ್ಟಿದ ನಂತರದ ಸ್ಥಳಾಂತರ, ಕುಟುಂಬದೊಡನೆ ಸ್ಥಳಾಂತರ, ಇತರೆ ಎಂಬ ಆಯ್ಕೆಗಳಲ್ಲಿ ಒಂದನ್ನು ಮಾತ್ರ ನಮೂದಿಸಲು ಅವಕಾಶ. ಶಿರಾ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದ ಹೆಣ್ಣುಮಗಳು ಮರುವಾರವೇ ಕಾರ್ಖಾನೆಗೆ ಸೇರಿದರೂ ಅವಳು ‘ವಿವಾಹ’ದ ಖಾನೆಗೆ ಸೇರುತ್ತಾಳೆ. ದೇಶದಾದ್ಯಂತ ಸ್ತ್ರೀಯರ ವಲಸೆಗೆ ವಿವಾಹವೇ ಮುಖ್ಯ ಕಾರಣವೆಂದು ಕೋಷ್ಟಕಗಳು ತೋರುತ್ತವೆ. ಪೀಣ್ಯದಂಥ ಕಡೆ ಆ ಕೋಷ್ಟಕ ಮರೆಮಾಡುವುದೇ ಹೆಚ್ಚು.

ಬಸ್ಸಿನ ಫಲಕ

ಯುಗಾದಿ, ಗೌರಿ-ಗಣೇಶ, ದೀಪಾವಳಿಗಳ ಹಿಂದಿನ ಸಂಜೆ ಜಾಲಹಳ್ಳಿ ಕ್ರಾಸ್ ಮತ್ತು ಎಂಟನೇ ಮೈಲಿಯಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಕುಣಿಗಲ್, ತಿಪಟೂರು, ಶಿರಾ, ಹಿರಿಯೂರು, ಚನ್ನರಾಯಪಟ್ಟಣ, ಅರಸೀಕೆರೆ, ದಾವಣಗೆರೆ. ಮುಂದಕ್ಕೆ ಹಾವೇರಿ, ಹುಬ್ಬಳ್ಳಿ. ನೆಲಮಂಗಲದಲ್ಲಿ ಕವಲೊಡೆಯುವ ಎರಡು ಹೆದ್ದಾರಿಗಳು ಯಾವ ಜಿಲ್ಲೆಗಳನ್ನು ಮುಟ್ಟುತ್ತವೆಯೋ ಆ ಜಿಲ್ಲೆಗಳ ಜನರೇ ಇಲ್ಲಿ ಇಳಿದುಕೊಂಡಿದ್ದಾರೆ. 2011ರಲ್ಲಿ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ಶೇ. 44ರಷ್ಟು. ತುಮಕೂರು ರಸ್ತೆಯ ಈ ಪಟ್ಟಿಯಲ್ಲಿ ಕನ್ನಡ ಅದಕ್ಕಿಂತ ಗಟ್ಟಿಯಾಗಿ ಕೇಳುವುದಕ್ಕೆ ಈ ಹೆದ್ದಾರಿಗಳೇ ಕಾರಣ.

ಇತ್ತೀಚಿನ ಪದರ ಬೇರೆ. ಒಡಿಶಾ, ಬಿಹಾರ, ಜಾರ್ಖಂಡ್, ಅಸ್ಸಾಂಗಳಿಂದ ಬಂದ ಯುವಕರು ರೂಮು ಹಂಚಿಕೊಂಡಿದ್ದಾರೆ. ಕೌಶಲ ತರಬೇತಿ ಯೋಜನೆಗಳ ಮೂಲಕ ಉಡುಪು ಕಾರ್ಖಾನೆಗಳಿಗೆ ಬಂದ ಯುವತಿಯರು ಹಾಸ್ಟೆಲುಗಳಲ್ಲಿದ್ದಾರೆ. ಗಣತಿಯ ಪರಿಭಾಷೆಯಲ್ಲಿ ಒಂದೇ ಅಡುಗೆಯಲ್ಲಿ ಉಣ್ಣುವ ರೂಮಿನ ಗೆಳೆಯರು ಒಂದು ಕುಟುಂಬ. ಹಾಸ್ಟೆಲು ‘ಸಾಂಸ್ಥಿಕ ಕುಟುಂಬ’. 2020ರ ಮೇ ತಿಂಗಳಲ್ಲಿ ಸಮೀಪದ ಚಿಕ್ಕಬಾಣಾವರ ನಿಲ್ದಾಣದಿಂದ ಉತ್ತರ ಹಾಗೂ ಪೂರ್ವ ಭಾರತಕ್ಕೆ ಶ್ರಮಿಕ ವಿಶೇಷ ರೈಲುಗಳು ಹೊರಟಾಗಲೇ ಎಷ್ಟೋ ಬೆಂಗಳೂರಿಗರಿಗೆ ಈ ಜನರ ಇರವು ಅರಿವಾದದ್ದು.

ಎಣಿಕೆಯ ಬೆಲೆ

ಇದು ಕುತೂಹಲದ ಲೆಕ್ಕವಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. 2001 ಮತ್ತು 2011ರ ನಡುವೆ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 65 ಲಕ್ಷದಿಂದ 96 ಲಕ್ಷಕ್ಕೆ, ಅಂದರೆ ಶೇ. 47ರಷ್ಟು ಏರಿತು, ರಾಜ್ಯದ ಏರಿಕೆ ಶೇ. 16ನ್ನೂ ಮುಟ್ಟಲಿಲ್ಲ. 2021ರ ಗಣತಿ ನಡೆಯಲೇ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದಾಗಲೂ ವಾರ್ಡ್ ವಿಂಗಡಣೆಗೆ ಆಧಾರವಾದದ್ದು 2011ರ ಸಂಖ್ಯೆಯೇ. ಆನಂತರ ಮೇಲೆದ್ದ ಮಹಡಿಗಳು, ಆ ಮಹಡಿಗಳ ಬಾಡಿಗೆದಾರರು ಆ ಲೆಕ್ಕದಲ್ಲಿಲ್ಲ.

ನೀರಿನ ವಿಷಯದಲ್ಲಿ ಇದು ಢಾಳಾಗಿ ಕಾಣುತ್ತದೆ. ಒಂದು ನಿವೇಶನಕ್ಕೆ ಒಂದು ನಲ್ಲಿ ಸಂಪರ್ಕ, ಮೇಲೆ ಆರೆಂಟು ಒಲೆ. ಸಾಲದ್ದಕ್ಕೆ ಕೊಳವೆಬಾವಿಯನ್ನು ನಂಬೋಣವೆಂದರೆ, ಲೋಹಲೇಪನ ಘಟಕಗಳ ಕ್ರೋಮಿಯಂ ಪೀಣ್ಯದ ಅಂತರ್ಜಲಕ್ಕೆ ಸೇರಿರುವುದು ಪರೀಕ್ಷೆಗಳಲ್ಲಿ ದೃಢಪಟ್ಟಿದೆ. 2024ರ ಬೇಸಿಗೆಯಲ್ಲಿ ನಗರದ ಕೊಳವೆಬಾವಿಗಳು ಬತ್ತಿದಾಗ ಟ್ಯಾಂಕರಿನ ಹೊರೆ ಬಾಡಿಗೆದಾರರ ಮೇಲೂ ಬಿತ್ತು.

ಮುಂದಿನ ಜನಗಣತಿಗೆ 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಟಿದೆ. ಮನೆಪಟ್ಟಿ ಕಾರ್ಯಕ್ಕೆ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿ, ಜನರ ಎಣಿಕೆಗೆ 2027ರ ಮಾರ್ಚ್ 1 ಆಧಾರ ದಿನ. ಗಣತಿಯ ನಿಯಮದಂತೆ ವ್ಯಕ್ತಿಯನ್ನು ಲೆಕ್ಕಕ್ಕೆ ಹಿಡಿಯುವುದು ಆತ ಸಾಮಾನ್ಯವಾಗಿ ವಾಸಿಸುವ ಸ್ಥಳದಲ್ಲಿ. ಮತದಾರರ ಪಟ್ಟಿ ಎಲ್ಲಿದೆ, ಪಡಿತರ ಚೀಟಿ ಯಾವ ಊರಿನದು ಎಂಬುದು ಅಲ್ಲಿ ಮುಖ್ಯವಲ್ಲ. ಊರಲ್ಲಿ ಹೆಸರು ಉಳಿಯಲೆಂದು ಅಲ್ಲಿಯೇ ಬರೆಸುವ ರೂಢಿ ಬಾಡಿಗೆದಾರರಲ್ಲಿ ಇನ್ನೂ ಇದೆ. ಬೆಳಗಿನ ಪಾಳಿಗೆ ಗಂಡ, ಎಂಟೂವರೆಗೆ ಹೆಂಡತಿ ಹೊರಟುಹೋಗುವ ಮನೆಯ ಬೀಗವನ್ನು ಗಣತಿದಾರ ಕಾಣುವುದು ಹಗಲು ಹೊತ್ತಿನಲ್ಲಿ. ಮೂರನೇ ಮಹಡಿಯ ಹಿಂಬದಿಯ ರೂಮಿನಲ್ಲಿ ಎಷ್ಟು ಮಂದಿ ಇದ್ದಾರೆಂಬುದನ್ನು ಆಗ ಆತ ಕೇಳಬೇಕಾದದ್ದು ಕೆಳಗಿನ ಮನೆಯ ಮಾಲೀಕನನ್ನು.